ಅಂಪೈರ್ ಮೇಲೆ ಅನುಮಾನವೇ? ಮೊದಲು ಹೀಗೆ ಲೆಕ್ಕ ಹಾಕಿ

ಬೇಸ್‌ಬಾಲ್ ಪಂದ್ಯಕ್ಕೆ ಇನ್ನು ಅರ್ಧ ಗಂಟೆ. ಬೆಟ್ಟಿಂಗ್ ದರ ಇದ್ದಕ್ಕಿದ್ದಂತೆ ಒಂದು ತಂಡದ ಕಡೆ ವಾಲುತ್ತದೆ. ಆಟದಲ್ಲಿ ಅಂಪೈರ್ ತೀರ್ಪುಗಳೂ ಅದೇ ತಂಡಕ್ಕೆ ಒಲಿಯುತ್ತವೆ. ಏನೋ ನಡೆದಿದೆ ಅನ್ನಿಸುತ್ತದೆ ಅಲ್ವಾ? ಆ ಅನುಮಾನ ತಪ್ಪಲ್ಲ. ಆದರೆ ಒಬ್ಬರ ಹೆಸರು ಹೇಳುವ ಮುಂಚೆ ಪರೀಕ್ಷೆ ಮಾಡಲೇಬೇಕು.

ಮೊದಲು ದರ ಎಷ್ಟು ಸರಿದಿದೆ ನೋಡಿ. ಅಮೆರಿಕದಲ್ಲಿ ಮೈನಸ್ 120 ಎಂದರೆ 100 ಡಾಲರ್ ಗೆಲ್ಲಲು 120 ಡಾಲರ್ ಕಟ್ಟಬೇಕು. ಕಟ್ಟುವ 120, ಗೆಲ್ಲುವ 100 ಸೇರಿ 220. 120ನ್ನು 220ರಿಂದ ಭಾಗಿಸಿ. ಆ ದರದ ಪ್ರಕಾರ ಗೆಲ್ಲುವ ಸಾಧ್ಯತೆ ಸುಮಾರು 54.5%. ಮೈನಸ್ 150 ಆದರೆ 60%. ಇದು ದೊಡ್ಡ ಬದಲಾವಣೆ. ಮೈನಸ್ 120 ಇದ್ದದ್ದು 125 ಆದರೆ ಸಾಧ್ಯತೆಯಲ್ಲಿ ಒಂದೇ ಶೇಕಡಾ ಪಾಯಿಂಟ್‌ನಷ್ಟು ವ್ಯತ್ಯಾಸ, ಬಿಟ್ಟುಬಿಡಿ.

ಈಗ ಎಷ್ಟು ಗಂಟೆಗೆ ಸರಿಯಿತು, ಆಗ ಯಾವ ಸುದ್ದಿ ಬಂತು ಎಂದು ಹುಡುಕಿ. ಆಟ ಶುರು ಮಾಡಬೇಕಿದ್ದ ಪಿಚರ್ (ಚೆಂಡು ಎಸೆಯುವವರು) ಬದಲಾದರೆ ದರ ಜಿಗಿಯುತ್ತದೆ. ಷಿಕಾಗೋದ ರಿಗ್ಲಿ ಫೀಲ್ಡ್ ಮೈದಾನದಲ್ಲಿ ಗಾಳಿ ಬ್ಯಾಟರ್ ಕಡೆಯಿಂದ ಹೊರಗೆ ಬೀಸಿದರೆ ರನ್ ಜಾಸ್ತಿ ಬರಬಹುದೆಂದು ಹಣ ಹರಿಯುತ್ತದೆ. ಅಂಪೈರ್ ಕೂಡ ಒಂದು ಕಾರಣವೇ. ಇವತ್ತು ಫಸ್ಟ್ ಬೇಸ್‌ನಲ್ಲಿ ನಿಂತ ಅಂಪೈರ್ ಸಾಮಾನ್ಯವಾಗಿ ಮರುದಿನ ಹೋಮ್ ಪ್ಲೇಟ್ ಹಿಂದೆ, ಅಂದರೆ ಎಸೆದ ಚೆಂಡುಗಳಿಗೆ ತೀರ್ಪು ಕೊಡುವ ಜಾಗದಲ್ಲಿ, ನಿಲ್ಲುತ್ತಾರೆ. ಬ್ಯಾಟ್ ಬೀಸದಿದ್ದರೂ ಚೆಂಡು ಸ್ಟ್ರೈಕ್ ವಲಯದಲ್ಲಿ ಹಾದರೆ ತೀರ್ಪು ಬ್ಯಾಟರ್‌ಗೆ ವಿರುದ್ಧ. ಕೆಲವು ಅಂಪೈರ್‌ಗಳು ಲೆಕ್ಕ ಹಾಕುವ ಆ ವಲಯ ದೊಡ್ಡದು. ಬಾಜಿ ಕಟ್ಟುವವರಿಗೆ ಅದು ಗೊತ್ತು. ಅಂಪೈರ್‌ನಿಂದಾಗಿ ದರ ಬದಲಾಯಿತು ಎಂದ ಮಾತ್ರಕ್ಕೆ ಅಂಪೈರ್ ಮಾರಿಕೊಂಡಿದ್ದಾರೆ ಎಂದಲ್ಲ. ಜನ ಎಡವುವುದು ಇಲ್ಲೇ.

ಆಮೇಲೆ ಪಿಚ್‌ಗಳು, ಅಂದರೆ ಪಿಚರ್ ಎಸೆದ ಒಂದೊಂದು ಚೆಂಡು. ಪ್ಲೇಟ್ ಅಗಲ 17 ಇಂಚು, ವಲಯದ ಅಗಲವೂ ಅಷ್ಟೇ. ವಲಯದ ಎತ್ತರ ಮಾತ್ರ ಬ್ಯಾಟರ್‌ನಿಂದ ಬ್ಯಾಟರ್‌ಗೆ ಬೇರೆ. ಹಾಗಾಗಿ ಟಿವಿಯಲ್ಲಿ ತೋರಿಸುವ ವಲಯದ ಚೌಕವನ್ನೇ ನಂಬಬೇಡಿ. ಬೇಸ್‌ಬಾಲ್ ಸವಾಂಟ್ ಎಂಬ ಜಾಲತಾಣದಲ್ಲಿ ಪ್ರತಿ ಪಿಚ್‌ನ ದಾಖಲೆ ಸಿಗುತ್ತದೆ. ಬ್ಯಾಟ್ ಬೀಸದೆ ಬಿಟ್ಟ ಪಿಚ್‌ಗಳನ್ನೆಲ್ಲ ಎಣಿಸಿ, ಎರಡೂ ತಂಡದ್ದು; ಅದರಲ್ಲಿ ಎಷ್ಟು ತೀರ್ಪು ತಪ್ಪು ನೋಡಿ. ನಿಮ್ಮ ತಂಡಕ್ಕೆ ಆದ ಅನ್ಯಾಯ ಮಾತ್ರ ಎಣಿಸಿದರೆ ಅದು ಲೆಕ್ಕವೇ ಅಲ್ಲ. ಒಂದು ಪಂದ್ಯವೂ ಸಾಲದು. ಅದೇ ಅಂಪೈರ್‌ನ ಹತ್ತಾರು ಪಂದ್ಯ ನೋಡಿ.

ಇಷ್ಟಾದರೂ ಪಿಚ್ ಲೆಕ್ಕ ಎಲ್ಲವನ್ನೂ ಹೇಳುವುದಿಲ್ಲ. ಪ್ಯಾಟ್ ಹೋಬರ್ಗ್ ಎಂಬ ಅಂಪೈರ್ 2022ರ ವರ್ಲ್ಡ್ ಸೀರೀಸ್‌ನ (ಅಮೆರಿಕದ ಮೇಜರ್ ಲೀಗ್‌ನ ಫೈನಲ್ ಸರಣಿ) ಎರಡನೇ ಪಂದ್ಯದಲ್ಲಿ ಬ್ಯಾಟ್ ಬೀಸದ ಪಿಚ್‌ಗಳ 129 ತೀರ್ಪುಗಳನ್ನೂ ಸರಿಯಾಗಿ ಕೊಟ್ಟವರು. 2025ರ ಫೆಬ್ರುವರಿಯಲ್ಲಿ ಅವರು ಕೆಲಸ ಕಳೆದುಕೊಂಡ ಸುದ್ದಿ ಹೊರಬಿತ್ತು. ಬೇಸ್‌ಬಾಲ್ ಮೇಲೆ ಬಾಜಿ ಕಟ್ಟುತ್ತಿದ್ದ ಗೆಳೆಯನ ಜೊತೆ ಬೆಟ್ಟಿಂಗ್ ಖಾತೆ ಹಂಚಿಕೊಂಡಿದ್ದರು, ಮೆಸೇಜ್ ಅಳಿಸಿದ್ದರು. ಅವರು ತಾವೇ ಬೇಸ್‌ಬಾಲ್ ಮೇಲೆ ಬಾಜಿ ಕಟ್ಟಿದ್ದಕ್ಕಾಗಲಿ, ಆಟ ಕೆಡಿಸಿದ್ದಕ್ಕಾಗಲಿ ಲೀಗ್‌ಗೆ ಪುರಾವೆ ಸಿಗಲಿಲ್ಲ. 1882ರಲ್ಲಿ ಡಿಕ್ ಹೈಯಾಮ್ ಎಂಬ ಅಂಪೈರ್ ಮೇಲೆ ಡೆಟ್ರಾಯಿಟ್ ತಂಡದ ಅಧ್ಯಕ್ಷರಿಗೆ ಸಂಶಯ ಬಂದದ್ದು ತೀರ್ಪುಗಳಿಂದ. ಆದರೆ ಅವರನ್ನು ಲೀಗ್‌ನಿಂದ ಹೊರಹಾಕಿಸಿದ್ದು, ಪತ್ತೇದಾರ ಹುಡುಕಿ ತೆಗೆದ, ಜೂಜುಕೋರನಿಗೆ ಬರೆದ ಪತ್ರ.

ಪತ್ರ, ಖಾತೆ, ಮೆಸೇಜ್ ಹುಡುಕುವ ಅಧಿಕಾರ ನಮಗಿಲ್ಲ. ಅದಕ್ಕೇ ಗುಮಾನಿ ಉಳಿದರೆ ದರದ ಸ್ಕ್ರೀನ್‌ಶಾಟ್ ಸಮಯದ ಸಮೇತ ಇಟ್ಟುಕೊಳ್ಳಿ. ಇನ್ನಿಂಗ್ಸ್, ಬ್ಯಾಟರ್, ಪಿಚ್ ಬರೆದುಕೊಳ್ಳಿ. ಲೀಗ್‌ಗೋ ಆ ರಾಜ್ಯದ ಬೆಟ್ಟಿಂಗ್ ನಿಯಂತ್ರಣ ಮಂಡಳಿಗೋ ಕಳಿಸಿ. ಅಂಪೈರ್ ಹೆಸರನ್ನು ಸುಮ್ನೆ ಎಲ್ಲೆಡೆ ಹರಡಬೇಡಿ.