ತಿದಿಯಿಂದ ಶುರು ಮಾಡಿ: ಡಿಜಿಟಲ್ ಅಕಾರ್ಡಿಯನ್ ಜೊತೆ ನನ್ನ ಅನುಭವ

ಡಿಜಿಟಲ್ ಅಕಾರ್ಡಿಯನ್ ಕೈಗೆ ಸಿಕ್ಕವರೆಲ್ಲ ಮೊದಲು ಅದರ ದನಿಗಳನ್ನೇ ಒಂದೊಂದಾಗಿ ಒತ್ತಿ ನೋಡುತ್ತಾರೆ. ಪಿಟೀಲು, ಟ್ರಂಪೆಟ್, ಆರ್ಗನ್, ಕೊಳಲು ಎಲ್ಲ ಇರುತ್ತವೆ. ಆದರೆ ಇವೆಲ್ಲ ಸಾಧಾರಣ ಕೀಬೋರ್ಡಿನಲ್ಲೂ ಸಿಗುತ್ತವೆ. ಕೀಬೋರ್ಡಿನಲ್ಲಿ ಸಿಗದೇ ಇರುವುದು ತಿದಿ, ಅಂದರೆ ಎಳೆದು ಒತ್ತಿ ಗಾಳಿ ಆಡಿಸುವ ಮಡಿಕೆಯ ಭಾಗ. ಈ ವಾದ್ಯದಲ್ಲಿ ಹೊಸದೇನಾದರೂ ಮಾಡಬೇಕು ಅಂದರೆ ಅಲ್ಲಿಂದಲೇ ಶುರು ಮಾಡಬೇಕು ಅಂತ ನನ್ನ ನಂಬಿಕೆ.

ನಾನು ಕಲಬುರಗಿಯಲ್ಲಿ ಪೇಟಿ, ಅಂದರೆ ಹಾರ್ಮೋನಿಯಂ ನುಡಿಸುವವನು. ವಚನ, ತತ್ವಪದ ಹಾಡುವವರಿಗೆ ಸಾಥ್ ಕೊಡುತ್ತೇನೆ, ಭಜನೆಗಳಿಗೂ ಹೋಗುತ್ತೇನೆ. ಪೇಟಿಗೂ ಅಕಾರ್ಡಿಯನ್‌ಗೂ ಹತ್ತಿರದ ನಂಟು. ಎರಡರಲ್ಲೂ ಗಾಳಿಗೆ ರೀಡ್ ಅನ್ನುವ ಲೋಹದ ತೆಳು ಪಟ್ಟಿ ನಡುಗಿ ಸುರ ಹುಟ್ಟುತ್ತದೆ. ಆದರೆ ಪೇಟಿಯಲ್ಲಿ ಹೊರಗಿನ ತಿದಿಯ ಗಾಳಿ ನೇರವಾಗಿ ರೀಡಿಗೆ ಹೋಗುವುದಿಲ್ಲ. ಒಳಗೆ ಸ್ಪ್ರಿಂಗ್ ಇರುವ ಇನ್ನೊಂದು ತಿದಿಯಲ್ಲಿ ತುಂಬಿಕೊಂಡು, ಅಲ್ಲಿಂದ ಒಂದೇ ಸಮನಾಗಿ ಬರುತ್ತದೆ. ಅಕಾರ್ಡಿಯನ್‌ನಲ್ಲಿ ಆ ಒಳತಿದಿ ಇಲ್ಲ. ತೋಳು ಎಷ್ಟು ಒತ್ತುತ್ತದೋ ಸುರ ಅಷ್ಟು. ತೋಳು ನಿಂತರೆ ಸುರವೂ ನಿಂತಿತು.

ಡಿಜಿಟಲ್ ವಾದ್ಯದಲ್ಲಿ ರೀಡೇ ಇಲ್ಲ. ತಿದಿಯೊಳಗಿನ ಒತ್ತಡವನ್ನು ಒಂದು ಸೆನ್ಸರ್ ಅಳೆಯುತ್ತದೆ. ರೋಲ್ಯಾಂಡ್ ಕಂಪನಿ 2004ರಲ್ಲಿ ತಂದ ವಿ-ಅಕಾರ್ಡಿಯನ್‌ಗಳು ಕೆಲಸ ಮಾಡುವುದು ಹೀಗೇ. ಆ ಒತ್ತಡ ಮಿಡಿ (ಎಲೆಕ್ಟ್ರಾನಿಕ್ ವಾದ್ಯಗಳು, ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಭಾಷೆ) ಮೂಲಕ 0ಯಿಂದ 127ರವರೆಗಿನ ಅಂಕಿಯಾಗಿ ಹೊರಗೆ ಹೋಗುತ್ತದೆ. ಮಿಡಿಯಲ್ಲಿ ಇದು 11ನೇ ಕಂಟ್ರೋಲರ್, ಎಕ್ಸ್‌ಪ್ರೆಶನ್ ಅಂತ ಹೆಸರು. ಬರೀ ಅಂಕಿ ಅಂದಮೇಲೆ ಅದನ್ನು ವಾಲ್ಯೂಮ್‌ಗೇ ಕಟ್ಟಿಹಾಕಬೇಕು ಅಂತೇನಿಲ್ಲ, ಅಲ್ವಾ?

ನನ್ನದು 37 ಕೀ, 120 ಬಾಸ್ ಗುಂಡಿಗಳ ಸೆಕೆಂಡ್ ಹ್ಯಾಂಡ್ ವಾದ್ಯ. ಅದನ್ನು ಲ್ಯಾಪ್‌ಟಾಪಿಗೆ ಸೇರಿಸಿ, ಸಿಂಥ್, ಅಂದರೆ ಕಂಪ್ಯೂಟರಿನಲ್ಲೇ ದನಿ ಹುಟ್ಟಿಸುವ ಸಾಫ್ಟ್‌ವೇರಿನಲ್ಲಿ ಒಂದು ತುಂಬು ದನಿ ಆರಿಸಿದೆ. ತಿದಿಯ ಅಂಕಿಯನ್ನು ವಾಲ್ಯೂಮ್‌ಗೆ ಸ್ವಲ್ಪ, ಫಿಲ್ಟರ್‌ಗೆ ಜಾಸ್ತಿ ಜೋಡಿಸಿದೆ. ಫಿಲ್ಟರ್ ದನಿಯ ಹೊಳಪನ್ನು ಎಷ್ಟು ಬಿಡಬೇಕು, ಎಷ್ಟು ತಡೆಯಬೇಕು ಅಂತ ನಿರ್ಧರಿಸುತ್ತದೆ. ಈಗ ಮೆಲ್ಲಗೆ ಎಳೆದರೆ ಬಾಯಿ ಮುಚ್ಚಿ ಗುನುಗಿದ ಹಾಗೆ ಕೇಳಿಸುತ್ತದೆ. ಒತ್ತುತ್ತಾ ಹೋದರೆ ಅದೇ ದನಿ ಬಾಯಿ ತೆರೆಯುತ್ತದೆ. ಗುಂಡಿ ತಿರುಗಿಸಿ ಫಿಲ್ಟರ್ ಬದಲಿಸುವುದು ಬೇರೆ. ತೋಳಿನಿಂದ, ಅದೂ ಸುರ ನುಡಿಯುತ್ತಿರುವಾಗಲೇ ಬದಲಿಸುವುದು ಬೇರೆ. ಇಷ್ಟು ವರ್ಷ ಪೇಟಿಯ ತಿದಿ ಹಾಕಿದ ಕೈಗೆ ಇದು ಬೇಗ ಒಲಿಯಿತು.

ತಿದಿಯ ದಿಕ್ಕು ಬದಲಾಗುವಾಗ ಒತ್ತಡ ಇಳಿದು ದನಿ ಕ್ಷಣ ಮುಚ್ಚುತ್ತದೆ. ಅದನ್ನು ಅಡಗಿಸಲು ಹೋಗಬೇಡಿ. ಹಾಡುವವರು ಉಸಿರು ತೆಗೆದುಕೊಳ್ಳುವ ಜಾಗದಲ್ಲೇ ನಾನು ತಿದಿ ತಿರುಗಿಸುತ್ತೇನೆ. ನಮ್ಮ ಮೇಳದಲ್ಲಿ ವಚನ ಹಾಡುವ ಅಕ್ಕ ಒಮ್ಮೆ, "ಅಣ್ಣಾ, ಇವತ್ತ ನಿಮ್ ಪೇಟಿ ನನ್ ಕೂಡ ಉಸರ್ ತಗೊಂಡಂಗ ಆತು ನೋಡ್ರಿ" ಅಂದರು. ಅವರು ಈಗಲೂ ಇದನ್ನು ಪೇಟಿ ಅಂತಲೇ ಕರೆಯುತ್ತಾರೆ. ನನಗೆ ಅದು ಖುಷಿ.

ಇನ್ನು ಮೀಂಡ್. ಪೇಟಿಯಲ್ಲಿ ಸುರದಿಂದ ಸುರಕ್ಕೆ ಜಾರಲು ಆಗುವುದಿಲ್ಲ, ಅದರ ಸುರಗಳೂ ನಮ್ಮ ಶ್ರುತಿಗೆ ಸರಿ ಕೂಡುವುದಿಲ್ಲ ಅನ್ನುವ ಟೀಕೆ ಹಳೆಯದು. ಇಂಥ ಕಾರಣಗಳಿಗೇ 1940ರಲ್ಲಿ ಹಾರ್ಮೋನಿಯಂಗೆ ಆಕಾಶವಾಣಿಯ ಬಾಗಿಲು ಮುಚ್ಚಿತು. ನಿಷೇಧ ಸಡಿಲಾದದ್ದು 1971ರಲ್ಲಿ. ಪೇಟಿಯವರಿಗೆ ಇದು ಇನ್ನೂ ಮನಸ್ಸಿನಲ್ಲಿ ಚುಚ್ಚುವ ವಿಷಯ.

ಸಿಂಥ್‌ನಲ್ಲಿ ಒಂದು ಸಲಕ್ಕೆ ಒಂದೇ ಸುರ ನುಡಿಯುವಂತೆ ಮಾಡಿ, ಲೆಗಾಟೋ ಗ್ಲೈಡ್ ಹಾಕಿದೆ. ಒಂದು ಕೀ ಬಿಡುವ ಮುಂಚೆ ಮುಂದಿನದನ್ನು ಒತ್ತಿದರೆ ಸುರ ಜಾರುತ್ತದೆ. ಬಿಟ್ಟು ಒತ್ತಿದರೆ ಬಿಡಿಬಿಡಿಯಾಗಿ ಬರುತ್ತದೆ. ಆದರೆ ಗ್ಲೈಡ್ ಒಂದೇ ಸಾಲದು, ಸುಮ್ನೆ ಯಂತ್ರ ಜಾರಿದ ಹಾಗೆ ಕೇಳಿಸುತ್ತದೆ. ಜಾರುವಾಗ ತಿದಿ ಸಡಿಲ ಬಿಟ್ಟು, ಸುರ ಮುಟ್ಟಿದ ಮೇಲೆ ಒತ್ತಿದರೆ ಅದಕ್ಕೆ ಕಂಠದ ಗುಣ ಬರುತ್ತದೆ.

ಶ್ರುತಿಯನ್ನೂ ಸಾಫ್ಟ್‌ವೇರಿನಲ್ಲೇ ಸರಿಮಾಡಿದೆ. ಪಿಯಾನೋ ಲೆಕ್ಕದ ಶುದ್ಧ ಗಾಂಧಾರ ಷಡ್ಜದಿಂದ 400 ಸೆಂಟ್ ಮೇಲಿರುತ್ತದೆ (ಪಿಯಾನೋದ ಪಕ್ಕಪಕ್ಕದ ಎರಡು ಸುರಗಳ ನಡುವಿನ ಅಂತರ 100 ಸೆಂಟ್). ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರ ಸುಮಾರು 386. ಆ 14 ಸೆಂಟ್ ಇಳಿಸಿ ನುಡಿಸಿದರೆ ಗಾಂಧಾರ ತಂಬೂರಿಯೊಳಗೆ ಕರಗಿಹೋಗುತ್ತದೆ. ರೀಡಿನ ಪೇಟಿಯಲ್ಲಿ ಇದಕ್ಕೆ ರೀಡನ್ನೇ ಕೆರೆಯಬೇಕು.

ಎಡಗೈ ಗುಂಡಿಗಳಲ್ಲಿ ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಹಲವು ಸುರಗಳ) ಸಾಲು ನನಗೆ ಬೇಕಾಗಿಲ್ಲ, ರಾಗಕ್ಕೆ ಅವು ಅಡ್ಡ. ಶ್ರುತಿ ಹಿಡಿಯಲು ಬಾಸ್ ಸಾಲು ಮಾತ್ರ ಬಂಗಾರ. ಅದರಲ್ಲಿ ಗುಂಡಿಗಳು ಐದನೇ ಸುರದ ಕ್ರಮದಲ್ಲಿ ಕೂತಿವೆ. ಗುರುತು ಮಾಡಿದ ಸಿ ಗುಂಡಿಯನ್ನು ಷಡ್ಜ ಅಂದುಕೊಳ್ಳಿ. ಗದ್ದದ ಕಡೆಯ ಪಕ್ಕದ ಗುಂಡಿ ಪಂಚಮ, ಕೆಳಗಿನದು ಮಧ್ಯಮ. ಪಂಚಮ ಇಲ್ಲದ ಮಾಲಕಂಸ್ ರಾಗಕ್ಕೆ ಬೆರಳು ಒಂದು ಮನೆ ಕೆಳಗಿಳಿದರೆ ಸಾಕು. ಹಾಡುವವರ ಶ್ರುತಿ ಕಪ್ಪು ಒಂದು (ಸಿ ಪಕ್ಕದ ಮೊದಲ ಕಪ್ಪು ಕೀ) ಆದರೆ ಟ್ರಾನ್ಸ್‌ಪೋಸ್, ಅಂದರೆ ಇಡೀ ವಾದ್ಯದ ಶ್ರುತಿ ಸರಿಸುವ ಸೆಟ್ಟಿಂಗ್, ಒಂದು ಮೇಲೆ. ಬಲಗೈ ಮತ್ತು ಬಾಸ್ ಬೇರೆ ಬೇರೆ ಮಿಡಿ ಚಾನೆಲ್‌ನಲ್ಲಿ ಹೋಗುತ್ತವೆ. ಹಾಗಾಗಿ ಬಾಸ್ ಚಾನೆಲ್‌ನಲ್ಲಿ ತಿದಿಯ ಅಂಕಿಯನ್ನು ತಡೆದುಬಿಟ್ಟೆ. ಕೆಳಗೆ ಶ್ರುತಿ ಅಲುಗದೆ ನಿಲ್ಲುತ್ತದೆ, ಮೇಲೆ ಬಲಗೈ ಉಸಿರಾಡುತ್ತದೆ. ಒಂದೇ ತಿದಿಯ ಹಳೆಯ ಅಕಾರ್ಡಿಯನ್‌ನಲ್ಲಿ ಇದು ಸಾಧ್ಯವೇ ಇಲ್ಲ.

ನಮ್ಮ ಬಿಸಿಲಿಗೂ ಇದು ಹೊಂದುತ್ತದೆ. ಹಳೆಯ ಅಕಾರ್ಡಿಯನ್‌ನಲ್ಲಿ ರೀಡುಗಳನ್ನು ಸಾಮಾನ್ಯವಾಗಿ ಜೇನುಮೇಣ ಹಾಕಿ ಕೂರಿಸಿರುತ್ತಾರೆ. ಇಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಮುಚ್ಚಿದ ಕಾರಿನೊಳಗೆ ಇನ್ನೂ ಜಾಸ್ತಿ, ಮೇಣ ಮೆತ್ತಗಾಗುತ್ತದೆ. ಡಿಜಿಟಲ್‌ನಲ್ಲಿ ಆ ಚಿಂತೆ ಇಲ್ಲ. ಹಾಗಂತ ಬಿಸಿಲಿಗೆ ಇಡಬೇಡಿ, ಎಲೆಕ್ಟ್ರಾನಿಕ್ ಸಾಮಾನು.

ಅಮೆರಿಕದ ಪಾಲಿನ್ ಒಲಿವೆರೋಸ್ ಜೀವನವಿಡೀ ಅಕಾರ್ಡಿಯನ್ ನುಡಿಸಿದವರು. ತಮ್ಮದನ್ನು ಶುದ್ಧ ಶ್ರುತಿಗೆ ಕೂಡಿಸಿಕೊಂಡಿದ್ದರು, ಕೊನೆಯ ವರ್ಷಗಳಲ್ಲಿ ವಿ-ಅಕಾರ್ಡಿಯನ್ ಕೂಡ ಹಿಡಿದರು. ಅವರ ಉದ್ದುದ್ದ ಸುರಗಳನ್ನು ಕೇಳಿದಾಗ ನಮ್ಮ ಆಲಾಪಕ್ಕೂ ಇಲ್ಲಿ ಜಾಗ ಇದೆ ಅನ್ನಿಸುತ್ತದೆ.

ಸದ್ಯ ಭೈರವ ರಾಗದ ಕೋಮಲ ರಿಷಭದ ಮೇಲೆ ಕೆಲಸ ಮಾಡುತ್ತಿದ್ದೇನೆ. ಅದು ನಿಂತ ಸುರ ಅಲ್ಲ, ಆಂದೋಲನ, ಅಂದರೆ ಮೆಲ್ಲನೆಯ ತೂಗಾಟ ಬೇಕು. ತಿದಿಯ ಅಂಕಿಯನ್ನು ಆ ಒಂದು ರಾಗಕ್ಕೆ ಪಿಚ್‌ಗೂ ಜೋಡಿಸಿದ್ದೇನೆ, ಕೆಲವೇ ಸೆಂಟ್‌ನಷ್ಟು. ಒತ್ತಡ ಸ್ವಲ್ಪ ಏರಿಳಿದರೆ ರಿಷಭ ತೂಗುತ್ತದೆ. ತೂಗು ಜಾಸ್ತಿ ಆದರೆ ಉಳಿದ ಸುರಗಳು ಕೆಡುತ್ತವೆ. ಆ ಅಳತೆ ಹುಡುಕುತ್ತಿದ್ದೇನೆ.