ಹುರುಪೆ ಎಣಿಸಿ ಬಿಡಿಸುವುದು: ಸರೀಸೃಪಗಳ ಚಿತ್ರ ಮಾಡಿಸುವ ನನ್ನ ಕ್ರಮ

ಚಿತ್ರಕಲೆಯ ವಿದ್ಯಾರ್ಥಿಗಳಿಂದ ಸರೀಸೃಪಗಳ ಇಲಸ್ಟ್ರೇಶನ್ ಪ್ರಾಜೆಕ್ಟ್ ಮಾಡಿಸುವಾಗ ಮೊದಲ ವಾರ ಬಣ್ಣ ಮುಟ್ಟಲು ಬಿಡುವುದಿಲ್ಲ. ಎಣಿಸಲು ಹೇಳುತ್ತೇನೆ. ಹಾವಿನ ಮೈಸುತ್ತ ಹುರುಪೆ ಎಷ್ಟು ಸಾಲು, ಆಮೆಯ ಬೆನ್ನ ಮೇಲೆ ಫಲಕ ಎಷ್ಟು, ಓತಿಕ್ಯಾತನ ಹಿಂಗಾಲಲ್ಲಿ ಯಾವ ಬೆರಳು ಉದ್ದ. ಇಷ್ಟು ತಿಳಿಯದೆ ಪೆನ್ಸಿಲ್ ಹಿಡಿದರೆ ಕೈ ತನಗೆ ಅಭ್ಯಾಸವಿರುವ ಮೀನಿನ ಹುರುಪೆಯನ್ನೇ ಬಿಡಿಸುತ್ತದೆ. ಹಾವಿನ ಮೈಮೇಲೆ ಅರ್ಧಚಂದ್ರಗಳ ಸಾಲು ಕಂಡರೆ ಆ ವಿದ್ಯಾರ್ಥಿ ಹಾವನ್ನು ನೋಡಿಲ್ಲ ಎಂದೇ ಅರ್ಥ. ಹಾವಿನದು ಓರೆಯಾಗಿ ಹೆಣೆದ ವಜ್ರಾಕೃತಿಯ ಜಾಲ. ಪ್ರತಿ ಹುರುಪೆಯ ತುದಿ ಬಾಲದ ಕಡೆಗೆ, ಹಿಂದಿನದರ ಬುಡ ಅದರ ಕೆಳಗೆ.

ಸಾಲುಗಳನ್ನು ಎಣಿಸುವುದು ಮೈಯ ನಟ್ಟನಡುವೆ. ಹೊಟ್ಟೆಯ ಅಗಲ ಪಟ್ಟಿಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೇರೆ ಹಾವಿಗೆ ಸಾಮಾನ್ಯವಾಗಿ 17, ಕಟ್ಟುಹಾವಿಗೆ 15, ಕೊಳಕುಮಂಡಲಕ್ಕೆ 30ರ ಆಸುಪಾಸು, ಹೆಬ್ಬಾವಿಗೆ 60ಕ್ಕೂ ಮೇಲೆ. ಏನು ಬಿಡಿಸಬೇಕು ಎಂಬುದನ್ನು ಈ ಸಂಖ್ಯೆಯೇ ತೀರ್ಮಾನಿಸುತ್ತದೆ. ಎ3 ಹಾಳೆಯಲ್ಲಿ ಸುರುಳಿ ಸುತ್ತಿದ ಇಡೀ ಹೆಬ್ಬಾವು ಬರಬೇಕೆಂದರೆ ಒಂದೊಂದು ಹುರುಪೆ ತೀರ ಚಿಕ್ಕದಾಗಿಬಿಡುತ್ತದೆ. ಅಲ್ಲಿ ಮಚ್ಚೆಗಳನ್ನು ಬಿಡಿಸಬೇಕು, ಅವುಗಳ ಅಂಚು ಮಾತ್ರ ಹುರುಪೆಯ ಮೆಟ್ಟಿಲುಗಳಂತೆ ಮುರಿದಿರಬೇಕು, ಅಷ್ಟೇ. ಹುರುಪೆಯನ್ನೇ ತೋರಿಸುವ ಆಸೆ ಇದ್ದವರಿಗೆ ಕೇರೆ ಅಥವಾ ಕಟ್ಟುಹಾವು ಒಳ್ಳೆಯದು. ಕಟ್ಟುಹಾವಿನ ಬೆನ್ನ ನಡುಸಾಲಿನ ಹುರುಪೆಗಳು ಉಳಿದವಕ್ಕಿಂತ ದೊಡ್ಡವು, ಆರು ಮೂಲೆಯವು. ಆ ಒಂದು ಸಾಲು ಸರಿ ಬಂದರೆ ನೋಡಿದವರು ಗುರುತು ಹಿಡಿಯುತ್ತಾರೆ.

ನೋಡಿ ಕಲಿಯಲು ಜೀವಂತ ಹಾವು ಬೇಡ, ಹಿಡಿದು ತರುವುದಂತೂ ಬೇಡವೇ ಬೇಡ. ಒಳ್ಳೆಯ ಫೋಟೊಗಳು ಮತ್ತು ಎಲ್ಲಾದರೂ ಸಿಕ್ಕಿದ ಪೊರೆ ಸಾಕು. ಪೊರೆಯಲ್ಲಿ ಎರಡು ಮೋಸಗಳಿವೆ. ಅದು ಕಾಲುಚೀಲ ಕಳಚಿದಂತೆ ಒಳಮಗ್ಗುಲು ಹೊರಗಾಗಿ ಬಂದಿರುತ್ತದೆ, ಕಳಚುವಾಗ ಹಿಗ್ಗಿ ಹಾವಿಗಿಂತ ಉದ್ದವಾಗಿಯೂ ಇರುತ್ತದೆ. ಆದ್ದರಿಂದ ಅದರಿಂದ ಎಣಿಕೆ ತೆಗೆದುಕೊಳ್ಳಿ, ಅಳತೆ ತೆಗೆದುಕೊಳ್ಳಬೇಡಿ.

ಇನ್ನು ಮೈಯ ತಿರುವು. ಬಾಗಿದ ಕಡೆ ಜಾಲ ಏನಾಗುತ್ತದೆ ಎಂಬುದನ್ನು ಕಣ್ಣಾರೆ ಕಾಣಲು ಒಂದು ಹಳೆಯ ಉದ್ದ ಕಾಲುಚೀಲಕ್ಕೆ ಚಿಂದಿ ಬಟ್ಟೆ ತುಂಬಿ, ಹಣ್ಣು ತುಂಬಿಸಿ ಕೊಡುವ ಬಲೆಚೀಲವನ್ನು ಅದರ ಮೇಲೆ ಬಿಗಿಯಾಗಿ ತೊಡಿಸುತ್ತೇವೆ. ಬಗ್ಗಿಸಿದಾಗ ಹೊರಬಾಗಿನಲ್ಲಿ ಬಲೆಯ ಕಣ್ಣುಗಳು ಅಗಲವಾಗಿ ತೆರೆದುಕೊಳ್ಳುತ್ತವೆ, ಒಳಬಾಗಿನಲ್ಲಿ ಒತ್ತೊತ್ತಾಗಿ ಗೆರೆಯಂತಾಗುತ್ತವೆ. ಹಾವಿನಲ್ಲೂ ಹೊರಬಾಗಿನ ಹುರುಪೆಗಳು ಒಂದರಿಂದೊಂದು ಸರಿದು ನಡುವಿನ ಚರ್ಮ ಇಣುಕುತ್ತದೆ. ಹಸಿರು ಹಾವು ಮೈ ಉಬ್ಬಿಸಿದಾಗ ಹಸಿರು ಹುರುಪೆಗಳ ಸಂದಿಯಲ್ಲಿ ಕಪ್ಪು ಬಿಳುಪು ಗೀರುಗಳು ಕಾಣುವುದು ಹೀಗೆಯೇ. ಈ ಕಾಲುಚೀಲವನ್ನು ಮೇಜಿನ ಮೇಲಿಟ್ಟು, ಒಂದೇ ಕಡೆಯಿಂದ ದೀಪ ಹಾಕಿ, ಕನಿಷ್ಠ ಆರು ಭಂಗಿ ಬಿಡಿಸಬೇಕು. ಬೇಸರದ ಕೆಲಸ ಎಂದು ಅನೇಕರು ಬಿಟ್ಟುಬಿಡುತ್ತಾರೆ. ಕೊನೆಯ ಚಿತ್ರದಲ್ಲಿ ಎಲ್ಲಿ ಬಿಟ್ಟರು ಎಂಬುದು ಎದ್ದು ಕಾಣುತ್ತದೆ.

ಕಾಗದದ ಮೇಲೆ ಜಾಲ ಹಾಕುವ ಲೆಕ್ಕ ಹೀಗಿದೆ. ಕೇರೆಯನ್ನು ಮೇಲಿನಿಂದ ನೋಡುತ್ತಿದ್ದೇವೆ, ಚಿತ್ರದಲ್ಲಿ ಮೈಯ ಅಗಲ 6 ಸೆಂ.ಮೀ. ಎಂದುಕೊಳ್ಳಿ. ಸುತ್ತಳತೆಯ ಕಾಲುಭಾಗ ಹೊಟ್ಟೆಗೆ ಹೋದರೆ ಉಳಿದ ಮುಕ್ಕಾಲಿನಲ್ಲಿ 17 ಸಾಲು. ಅವುಗಳಲ್ಲಿ ಮೇಲಿನಿಂದ ಕಾಣುವುದು ಸುಮಾರು 11. ಮೈಯ ಅಗಲಕ್ಕೆ ಸರಿಯಾಗಿ ಪಕ್ಕದಲ್ಲಿ 3 ಸೆಂ.ಮೀ. ತ್ರಿಜ್ಯದ ಅರ್ಧವೃತ್ತ ಎಳೆದು, ಅದರ ಕಮಾನನ್ನು 11 ಸಮಭಾಗ ಮಾಡಿ, ಆ ಬಿಂದುಗಳಿಂದ ಮೈಯ ಮೇಲಕ್ಕೆ ಗೆರೆ ಇಳಿಸಿ. ನಡುಸಾಲಿನ ಅಗಲ ಸುಮಾರು 8.5 ಮಿ.ಮೀ. ಬರುತ್ತದೆ, ಅಂಚಿನ ಸಾಲಿನದು ಒಂದು ಮಿ.ಮೀ. ಚಿಲ್ಲರೆ. ಹಾವಿನ ಮೈ ದುಂಡಗೆ ಕಾಣುವುದು ಈ ವ್ಯತ್ಯಾಸದಿಂದಲೇ. ಎಲ್ಲ ಸಾಲಿಗೂ ಒಂದೇ ಅಗಲ ಕೊಟ್ಟು ಆಮೇಲೆ ಎಷ್ಟು ನೆರಳು ಹಾಕಿದರೂ ಹಾವು ಚಪ್ಪಟೆ ಪಟ್ಟಿಯಾಗಿಯೇ ಉಳಿಯುತ್ತದೆ.

ನಂತರ ಪ್ರತಿ ಉದ್ದಗೆರೆಯ ಮೇಲೆ ಸಮ ಅಂತರದಲ್ಲಿ ಚುಕ್ಕಿ ಇಡಬೇಕು, ಪಕ್ಕದ ಗೆರೆಯಲ್ಲಿ ಅರ್ಧ ಹೆಜ್ಜೆ ಮುಂದಕ್ಕೆ. ರಂಗೋಲಿಯ ಎಡೆಚುಕ್ಕಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚುಕ್ಕಿಗಳನ್ನು ಎರಡೂ ಓರೆಯಲ್ಲಿ ಸೇರಿಸಿದರೆ ಜಾಲ ಸಿದ್ಧ. ಇದೆಲ್ಲ ತಿಳಿ ಗೆರೆ ಬರುವ ಗಟ್ಟಿ ಸೀಸದ 2ಎಚ್ ಪೆನ್ಸಿಲಿನಲ್ಲಿ, ಒತ್ತದೆ, ಟ್ರೇಸಿಂಗ್ ಕಾಗದದ ಮೇಲೆ. ಮುಖ್ಯ ಹಾಳೆಯ ಮೇಲೇ ಮಾಡಿದರೆ ಒರೆಸಿ ಒರೆಸಿ ಕಾಗದದ ಮೈ ಏಳುತ್ತದೆ, ಆಮೇಲೆ ಅಲ್ಲಿ ಜಲವರ್ಣ ಕಲೆಗಟ್ಟುತ್ತದೆ. ಇನ್ನೊಂದು ಎಚ್ಚರ: ಬಾಲದ ಕಡೆ ಮೈ ಸಣ್ಣದಾಗುವಾಗ ಹುರುಪೆ ಕುಗ್ಗುವುದಷ್ಟೇ ಅಲ್ಲ, ಸಾಲುಗಳೇ ಕಡಿಮೆಯಾಗುತ್ತವೆ. 17 ಸಾಲನ್ನೂ ಬಾಲದ ತುದಿವರೆಗೆ ಎಳೆದುಕೊಂಡು ಹೋದರೆ ತುದಿಯಲ್ಲಿ ಬರೀ ಕಪ್ಪು ಮುದ್ದೆ ಉಳಿಯುತ್ತದೆ.

ತಲೆಯ ಲೆಕ್ಕ ಬೇರೆ. ಕೇರೆ, ನಾಗರಹಾವುಗಳ ನೆತ್ತಿಯಲ್ಲಿ ಒಂಬತ್ತು ದೊಡ್ಡ ಫಲಕಗಳು: ಮೂತಿಯ ಹಿಂದೆ ಒಂದು ಜೋಡಿ, ಅದರ ಹಿಂದೆ ಇನ್ನೊಂದು ಜೋಡಿ, ನಡುವೆ ಒಂಟಿ ಹಣೆಫಲಕ, ಅದರ ಎರಡು ಬದಿಗೆ ಕಣ್ಣಿನ ಮೇಲೆ ಒಂದೊಂದು, ಕೊನೆಗೆ ಹಿಂದೆ ದೊಡ್ಡ ಜೋಡಿ. ಮೊದಲು ಹಣೆಫಲಕ ಕೂರಿಸಿ, ಉಳಿದ ಎಂಟನ್ನು ಅದಕ್ಕೆ ಹೊಂದಿಸಿ. ಕೊಳಕುಮಂಡಲದ ನೆತ್ತಿಯಲ್ಲಿ ಇವು ಇಲ್ಲ, ಸಣ್ಣ ಹುರುಪೆಗಳೇ ತುಂಬಿರುತ್ತವೆ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲೆ ಪಾರದರ್ಶಕ ಹುರುಪೆಯೊಂದು ಮುಚ್ಚಿಕೊಂಡಿರುತ್ತದೆ. ಹಾಗಾಗಿ ರೆಪ್ಪೆಯ ಗೆರೆ ಎಳೆದ ಕೂಡಲೇ ಅದು ಕಾರ್ಟೂನ್ ಆಗುತ್ತದೆ. ಕಣ್ಣಿನಲ್ಲಿ ಚೂಪಾದ ಒಂದೇ ಬೆಳಕಿನ ಚುಕ್ಕಿ ಸಾಕು. ಪಾಪೆ ಕೇರೆಗೆ ದುಂಡು, ಕೊಳಕುಮಂಡಲಕ್ಕೆ ನಿಂತ ಸೀಳು, ಹಸಿರು ಹಾವಿಗೆ ಅಡ್ಡ ಸೀಳು. ನಾಲಿಗೆ ಹೊರಗೆ ಬರಲು ಬಾಯಿ ತೆರೆಯಬೇಕಾಗಿಲ್ಲ, ಮೂತಿಯ ಫಲಕದ ಕೆಳಗೆ ಅದಕ್ಕೊಂದು ಕಂಡಿ ಇದೆ.

ನಾಗರಹಾವನ್ನು ಎಲ್ಲರೂ ಆರಿಸಿಕೊಳ್ಳುತ್ತಾರೆ, ಹೆಚ್ಚು ತಪ್ಪುವುದೂ ಅದರಲ್ಲೇ. ಕನ್ನಡಕದ ಗುರುತು ಇರುವುದು ಹೆಡೆಯ ಬೆನ್ನಿಗೆ. ಎದುರಿನಿಂದ ನೋಡಿದಾಗ ಕಾಣುವುದು ಅಗಲ ಹೊಟ್ಟೆಪಟ್ಟಿಗಳು, ಗಾಢ ಅಡ್ಡಪಟ್ಟೆ, ಆಚೀಚೆ ಎರಡು ಕಪ್ಪು ಮಚ್ಚೆ. ಎದುರಿಗೂ ಕನ್ನಡಕ ಬಿಡಿಸಿದ ಚಿತ್ರಗಳನ್ನು ನೋಡಿ ನೋಡಿ ವಿದ್ಯಾರ್ಥಿಗಳ ಕಣ್ಣಿಗೆ ಅದೇ ಸರಿ ಎನಿಸಿಬಿಟ್ಟಿದೆ. ಹೆಡೆ ಬಿಚ್ಚುವುದು ಕತ್ತಿನ ಪಕ್ಕೆಲುಬುಗಳು ಹರಡುವುದರಿಂದ. ತಲೆ ಹಿಗ್ಗುವುದಿಲ್ಲ. ಹೆಡೆಯ ಮೇಲೆ ಸಣ್ಣ ತಲೆ ಮುಂದಕ್ಕೆ ಬಾಗಿ ಕೂತಿರಬೇಕು.

ಕಾಲಿರುವವುಗಳ ಕಡೆಗೆ ಬರೋಣ. ಓತಿಕ್ಯಾತ, ಉಡಗಳ ಮೊಣಕೈ ಮೊಣಕಾಲು ಪಕ್ಕಕ್ಕೆ ಚಾಚಿರುತ್ತವೆ. ನಾಯಿಯ ಹಾಗೆ ಮೈ ಕೆಳಗೆ ಕಾಲು ನಿಲ್ಲಿಸಿದರೆ ಎಲ್ಲ ಕೆಟ್ಟಿತು. ನಡೆಯುವಾಗ ಎಡಗೈಯ ಜೊತೆ ಬಲಗಾಲು ಮುಂದೆ ಬರುತ್ತದೆ, ಆಗ ಎಡಮಗ್ಗುಲು ಹಿಗ್ಗಿ ಬಲಮಗ್ಗುಲು ಕುಗ್ಗಿ ಬೆನ್ನುಹುರಿ ಬಾಗುತ್ತದೆ. ನಾನು ಮೊದಲು ಈ ಬಾಗನ್ನೇ ಒಂದು ಗೆರೆಯಲ್ಲಿ ಹಾಕಿಸುತ್ತೇನೆ, ಆಮೇಲೆ ಹೆಗಲು ಮತ್ತು ಸೊಂಟದ ಅಡ್ಡಗೆರೆ, ಅದಾದ ಮೇಲೆ ಕಾಲು. ಹಿಂಗಾಲಿನ ಬೆರಳುಗಳಲ್ಲಿ ಮೂಳೆಗಳ ಸಂಖ್ಯೆ ಹೆಬ್ಬೆರಳಿನಿಂದ ಕ್ರಮವಾಗಿ 2, 3, 4, 5, 4. ನಾಲ್ಕನೆಯದು ಎಲ್ಲಕ್ಕಿಂತ ಉದ್ದ. ಇಷ್ಟು ನೆನಪಿದ್ದರೆ ಪಾದ ತನ್ನಷ್ಟಕ್ಕೆ ಹಲ್ಲಿಯ ಪಾದವಾಗುತ್ತದೆ. ಗೋಸುಂಬೆಯ ಬೆರಳುಗಳು ಇಕ್ಕಳದಂತೆ ಎರಡು ಕಟ್ಟು: ಮುಂಗಾಲಲ್ಲಿ ಹೊರಗೆ 2 ಒಳಗೆ 3, ಹಿಂಗಾಲಲ್ಲಿ ಹೊರಗೆ 3 ಒಳಗೆ 2.

ನಕ್ಷತ್ರ ಆಮೆಯ ಬೆನ್ನಿಗೆ ನಡುವೆ 5, ಆಚೀಚೆ ನಾಲ್ಕು ನಾಲ್ಕು ಫಲಕ, ಸುತ್ತ ಅಂಚಿನವು. ಗುಮ್ಮಟ ಬಿಡಿಸಿ ನಡುವಿನ ಐದನ್ನು ಮೊದಲು ಕೂರಿಸಬೇಕು. ಪ್ರತಿ ಫಲಕದ ನಡುವೆ ಹಳದಿ ಚುಕ್ಕೆ, ಅಲ್ಲಿಂದ ಹೊರಟ ಕಿರಣಗಳು. ಕಿರಣಗಳನ್ನು ಸಮತಟ್ಟಾದ ನಕ್ಷತ್ರದಂತೆ ಎಳೆಯಬಾರದು, ಫಲಕವೊಂದು ಗುಡ್ಡೆ, ಅವು ಅದರ ಇಳಿಜಾರಿನಲ್ಲಿ ಇಳಿಯುತ್ತವೆ.

ಮೊಸಳೆಯ ತಲೆಗೆ ಮಾತ್ರ ಎಣಿಕೆ ನಡೆಯುವುದಿಲ್ಲ. ಅಲ್ಲಿರುವುದು ನಿಜವಾದ ಹುರುಪೆಗಳಲ್ಲ, ಬೆಳೆಯುವಾಗ ಚರ್ಮ ಮಡಿಕೆಬಿದ್ದು ಆದ ತುಂಡುಗಳು. ಒಣಕೆರೆಯ ಮಣ್ಣಿನಂತೆ ಬಿರಿದು ಆದವು ಎಂದು 2013ರಲ್ಲಿ ವಿಜ್ಞಾನಿಗಳು ಹೇಳಿದ್ದರು, ಬಿರುಕಲ್ಲ, ಮಡಿಕೆ ಎಂದು 2024ರಲ್ಲಿ ತೋರಿಸಿದ್ದಾರೆ. ಆದ್ದರಿಂದ ಎಡಭಾಗ ಬಿಡಿಸಿ ಬಲಕ್ಕೆ ಮಗುಚಿ ಹಾಕಿದರೆ ತಪ್ಪು, ಎರಡು ಕೆನ್ನೆಗಳ ಗೆರೆಗಳೂ ಬೇರೆ ಬೇರೆ. ಮುಂಗಾಲಿಗೆ ಐದು ಬೆರಳು, ಹಿಂಗಾಲಿಗೆ ನಾಲ್ಕು. ಬಾಯಿ ಮುಚ್ಚಿದಾಗ ಕೆಳದವಡೆಯ ನಾಲ್ಕನೇ ಹಲ್ಲು ಹೊರಗೆ ಕಾಣಬೇಕು.

ಶಾಯಿಯಲ್ಲಿ ಮಾಡುವವರಿಗೆ 0.1 ಮತ್ತು 0.3 ಮಿ.ಮೀ. ಮೊನೆಯ ಪೆನ್ನು ಸಾಕು. ಪ್ರತಿ ಹುರುಪೆಗೂ ಸುತ್ತ ಕಪ್ಪು ಗೆರೆ ಎಳೆಯುವುದೇ ದೊಡ್ಡ ಕೇಡು, ಹಾವಿಗೆ ಬಲೆ ಹೊದಿಸಿದಂತೆ ಕಾಣುತ್ತದೆ. ಬೆಳಕು ನೇರ ಬಿದ್ದ ಕಡೆ ಗೆರೆ ಬೇಡ. ಕಡು ನೆರಳಲ್ಲೂ ಬೇಡ. ಬೆಳಕು ನೆರಳಿಗೆ ತಿರುಗುವ ಪಟ್ಟಿಯಲ್ಲಷ್ಟೇ ಹುರುಪೆಯನ್ನು ಪೂರ್ತಿ ಬಿಡಿಸಿ, ಉಳಿದದ್ದನ್ನು ನೋಡುವವರ ಕಣ್ಣು ತುಂಬಿಕೊಳ್ಳುತ್ತದೆ. ಹಾವುರಾಣಿಯಂಥ ನುಣುಪು ಮೈಯಲ್ಲಿ ಉದ್ದಕ್ಕೆ ಒಂದು ಹೊಳಪಿನ ಗೆರೆ ಹರಿಯುತ್ತದೆ. ಕೊಳಕುಮಂಡಲದ ಪ್ರತಿ ಹುರುಪೆಯ ನಟ್ಟನಡುವೆ ಉದ್ದಕ್ಕೆ ಏಣು ಎದ್ದಿರುವುದರಿಂದ ಬೆಳಕು ಚದುರಿ ಮೈ ಮಂಕಾಗಿ ಕಾಣುತ್ತದೆ, ಅಲ್ಲಿ ಉದ್ದನೆಯ ಹೊಳಪು ಕೊಟ್ಟರೆ ಪ್ಲಾಸ್ಟಿಕ್ ಹಾವು.

ಜಲವರ್ಣಕ್ಕೆ ಚದರ ಮೀಟರಿಗೆ 300 ಗ್ರಾಂ ತೂಗುವ, ಅಂದರೆ 300 ಜಿಎಸ್‌ಎಂನ ನುಣುಪು ಹಾಳೆ ಬೇಕು, ತೆಳುವಾದದ್ದು ಎರಡನೇ ಪದರಕ್ಕೇ ಸುಕ್ಕಾಗುತ್ತದೆ. ಮೊದಲು ಇಡೀ ಮೈಗೆ ತಿಳಿಯಾದ ಬೆಚ್ಚಗಿನ ಬಣ್ಣ, ಒಣಗಿದ ಮೇಲೆ ಮಚ್ಚೆಗಳು, ಮತ್ತೆ ಒಣಗಿದ ಮೇಲೆ ಮಚ್ಚೆಗಳನ್ನೂ ಸೇರಿಸಿ ಒಂದೇ ನೆರಳಿನ ಪದರ. ನೆರಳನ್ನು ಮೊದಲೇ ಹಾಕಿದರೆ ಮಚ್ಚೆಗಳು ಮೈಯಿಂದ ಎದ್ದು ತೇಲುತ್ತವೆ. ಹುರುಪೆಯ ಅಂಚು ಕೊನೆಗೆ, ಕಪ್ಪಿನಲ್ಲಲ್ಲ, ಅದೇ ಬಣ್ಣದ ಗಾಢ ಛಾಯೆಯ ಕಲರ್ ಪೆನ್ಸಿಲಿನಲ್ಲಿ. ಬಣ್ಣ ತಾಗಬಾರದ ಕಡೆ ಮಾಸ್ಕಿಂಗ್ ದ್ರವ ಹಚ್ಚಿದ್ದರೆ ಬಣ್ಣ ಪೂರ್ತಿ ಒಣಗಿದ ಮೇಲೆ ಅದೇ ದಿನ ತೆಗೆಯಿರಿ. ದಿನಗಟ್ಟಲೆ ಬಿಟ್ಟರೆ ಅದರ ಜೊತೆ ಕಾಗದವೂ ಕಿತ್ತು ಬರುತ್ತದೆ. ಶಾಯಿಯ ಮೇಲೆ ಬಣ್ಣ ಹಾಕುವುದಿದ್ದರೆ ಅದು ನೀರಿಗೆ ಕರಗದ ಶಾಯಿಯೇ ಎಂದು ತುಂಡು ಕಾಗದದಲ್ಲಿ ನೋಡಿಕೊಳ್ಳಿ.

ಟ್ಯಾಬ್ಲೆಟ್‌ನಲ್ಲಿ ಮಾಡುವವರು ಒಂದೇ ಎಳೆತಕ್ಕೆ ಹುರುಪೆಗಳನ್ನು ತಾನೇ ತುಂಬುವ ಪ್ಯಾಟರ್ನ್ ಬ್ರಶ್ ಹುಡುಕಿಕೊಂಡು ಬರುತ್ತಾರೆ. ಅದು ತಲೆಯಿಂದ ಬಾಲದವರೆಗೆ ಒಂದೇ ಸಾಲುಲೆಕ್ಕ ಇಡುತ್ತದೆ, ಬಾಗಿನಲ್ಲಿ ಹರಿದುಹೋಗುತ್ತದೆ. ಜಾಲವನ್ನು ಕೈಯಲ್ಲೇ ಹಾಕಿ, ಬೇರೆ ಲೇಯರಿನಲ್ಲಿಟ್ಟು ಅದರ ಗಾಢತೆಯನ್ನು ಶೇಕಡಾ 20ಕ್ಕೆ ಇಳಿಸಿಕೊಂಡರೆ ಅದರ ಮೇಲೆ ಕೆಲಸ ಸಲೀಸು.

ಕಲ್ಪನೆಯ ಪ್ರಾಜೆಕ್ಟ್‌ಗಳಿಗೆ ಬಿಡುವುದು ಇಷ್ಟೆಲ್ಲ ಆದ ಮೇಲೆ. ನನಗೆ ತುಂಬ ಇಷ್ಟವಾದದ್ದು ಹಾವಿನಿಂದ ಅಕ್ಷರ ಮಾಡುವುದು. ಕನ್ನಡದ ಅಕ್ಷರಗಳು ದುಂಡಗಿರುವುದರಿಂದ ಹಾವಿಗೆ ಹೇಳಿ ಮಾಡಿಸಿದಂತಿವೆ, ಆದರೂ ಒಂದು ಕಡೆ ಎಲ್ಲರೂ ಎಡವುತ್ತಾರೆ. ‘ಳ’ದ ಸುಳಿಯಲ್ಲಿ ಹೊಟ್ಟೆಪಟ್ಟಿ ಒಮ್ಮೆ ಒಳಗಂಚಿಗೆ, ಒಮ್ಮೆ ಹೊರಗಂಚಿಗೆ ಬಂದಿರುತ್ತದೆ, ನಡುವೆ ಮೈ ಎಲ್ಲೂ ಹೊರಳಿರುವುದಿಲ್ಲ. ಹೊಟ್ಟೆ ಯಾವ ಬದಿಗೆ ಎಂದು ಮೊದಲೇ ನಿರ್ಧರಿಸಿ, ಟ್ರೇಸಿಂಗ್ ಹಾಳೆಯಲ್ಲಿ ಆ ಅಂಚಿಗೆ ಮಾತ್ರ ಕೆಂಪು ಪೆನ್ಸಿಲ್ ಎಳೆದುಕೊಂಡು ಹೋಗಿ. ಕೆಂಪು ಗೆರೆ ಬದಿ ಬದಲಿಸಿದ ಕಡೆ ಮೈ ಹೊರಳಿದ್ದನ್ನು ತೋರಿಸಲೇಬೇಕು: ಬೆನ್ನಿನ ಸಾಲುಗಳು ಓರೆಯಾಗಿ ಅಂಚಿನ ಹಿಂದೆ ಸರಿದು, ಹೊಟ್ಟೆಪಟ್ಟಿಗಳು ಎದುರಿಗೆ ಅಗಲವಾಗಿ ತೆರೆದುಕೊಳ್ಳಬೇಕು. ಅಷ್ಟಕ್ಕೆ ಜಾಗವಿಲ್ಲದಿದ್ದರೆ ಅಕ್ಷರವನ್ನೇ ದೊಡ್ಡದು ಮಾಡಿಕೊಳ್ಳಿ, ಇಲ್ಲವೇ ಹಾವನ್ನು ಸಪೂರ ಮಾಡಿ.