ನಾಯಿಮರಿ ತರುವ ಮೊದಲು ಖರ್ಚಿನ ಲೆಕ್ಕ ಹಾಕುವುದು ಹೇಗೆ?

ಜಾತಿ ನಾಯಿಯ ಮರಿ ತರಬೇಕೆಂದು ಹೊರಟವರೆಲ್ಲ ಮೊದಲು ಕೇಳುವುದು "ಮರಿಗೆ ಎಷ್ಟು?" ಎಂದು. ಚೌಕಾಸಿ ಮಾಡುತ್ತಾರೆ, ಸ್ವಲ್ಪ ಇಳಿಸುತ್ತಾರೆ, ಖುಷಿಯಿಂದ ಎತ್ತಿಕೊಂಡು ಬರುತ್ತಾರೆ. ಆರು ತಿಂಗಳಾಗುವಷ್ಟರಲ್ಲಿ ಕೈ ಸುಟ್ಟಿರುತ್ತದೆ. ಎಷ್ಟೋ ಮನೆಗಳಲ್ಲಿ ಇದನ್ನು ನೋಡಿ ಬೇಜಾರಾಗಿದೆ. ಯಾಕೆಂದರೆ ದುಡ್ಡು ಸಾಲದೇ ಹೋದಾಗ ಲಸಿಕೆ ತಪ್ಪುವುದು, ಊಟ ಕಡಿಮೆಯಾಗುವುದು, ಮನೆ ಬಿಡಬೇಕಾಗುವುದು ಆ ಮೂಕ ಪ್ರಾಣಿಗೆ.

ಮರಿಯ ಬೆಲೆ ಒಂದು ಸಲ ಕೊಡುವ ದುಡ್ಡು. ಸಾಕುವ ಖರ್ಚು ಹತ್ತು ಹನ್ನೆರಡು ವರ್ಷದ್ದು. ಹಾಗಾಗಿ ಈ ಲೆಕ್ಕವನ್ನು ಮರಿ ನೋಡಲು ಹೋಗುವ ಮೊದಲೇ ಮುಗಿಸಿ. ಮರಿ ಒಮ್ಮೆ ಮಡಿಲಿಗೆ ಬಂದರೆ ಯಾರಿಗೂ ಲೆಕ್ಕ ನೆನಪಾಗುವುದಿಲ್ಲ.

1. ಡಾಕ್ಟರಿಗೆ ಫೋನ್ ಮಾಡಿ

ಹತ್ತಿರದ ಪಶುವೈದ್ಯರ ಹತ್ತಿರ ಐದು ದರ ಕೇಳಿ ಬರೆದುಕೊಳ್ಳಿ: ಒಂದು ಸಲ ತೋರಿಸುವುದಕ್ಕೆ, ಒಂದು ಲಸಿಕೆಗೆ, ಸಂತಾನಹರಣ ಆಪರೇಷನ್‌ಗೆ, ಒಂದು ಎಕ್ಸ್‌ರೇಗೆ, ಒಂದು ದಿನ ಡ್ರಿಪ್ ಹಾಕಿ ಇಟ್ಟುಕೊಳ್ಳುವುದಕ್ಕೆ. ಹತ್ತು ನಿಮಿಷದ ಕೆಲಸ.

2. ಊಟದ ಲೆಕ್ಕ

ಇಲ್ಲಿ ಅಂದಾಜು ಬೇಡ. ಪಶುವೈದ್ಯರು ಬಳಸುವ ಸೂತ್ರವೇ ಇದೆ. ನಾಯಿಯ ತೂಕವನ್ನು ಕಿಲೋದಲ್ಲಿ ತೆಗೆದುಕೊಂಡು, ಅದರ 0.75 ಘಾತ ಕಂಡುಹಿಡಿದು, 70ರಿಂದ ಗುಣಿಸಿ. ಮೊಬೈಲ್ ಕ್ಯಾಲ್ಕುಲೇಟರಿನ xʸ ಗುಂಡಿ ಸಾಕು. ಬರುವುದು ಸುಮ್ನೆ ಮಲಗಿರುವ ನಾಯಿಗೆ ದಿನಕ್ಕೆ ಬೇಕಾದ ಕ್ಯಾಲೊರಿ. ನಾಲ್ಕು ತಿಂಗಳೊಳಗಿನ ಮರಿಗೆ ಅದರ ಮೂರು ಪಟ್ಟು, ಆಮೇಲೆ ಬೆಳೆಯುವವರೆಗೆ ಎರಡು ಪಟ್ಟು, ಸಂತಾನಹರಣ ಆಪರೇಷನ್ ಆದ ದೊಡ್ಡ ನಾಯಿಗೆ ಸುಮಾರು 1.6 ಪಟ್ಟು.

ಅಂಥ 30 ಕಿಲೋದ ಲ್ಯಾಬ್ರಡಾರ್‌ಗೆ ಇದು ದಿನಕ್ಕೆ ಸುಮಾರು 1,400 ಕ್ಯಾಲೊರಿ ಆಗುತ್ತದೆ. ಒಣ ಆಹಾರದಲ್ಲಿ ಹೇಳುವುದಾದರೆ ಹತ್ತಿರ ಹತ್ತಿರ 400 ಗ್ರಾಂ, ತಿಂಗಳಿಗೆ 12 ಕಿಲೋ. 5 ಕಿಲೋದ ಪುಟ್ಟ ನಾಯಿಗೆ ದಿನಕ್ಕೆ 100 ಗ್ರಾಂ ಸಾಕು. ತೂಕದಲ್ಲಿ ಆರು ಪಟ್ಟು ವ್ಯತ್ಯಾಸವಿದ್ದರೂ ಊಟದಲ್ಲಿ ನಾಲ್ಕು ಪಟ್ಟೇ. ಇನ್ನೊಂದು ವಿಷಯ. 20 ಕಿಲೋ ತೂಗುವ, ಇನ್ನೂ ಬೆಳೆಯುತ್ತಿರುವ ಲ್ಯಾಬ್ ಮರಿ 30 ಕಿಲೋದ ದೊಡ್ಡ ನಾಯಿಯಷ್ಟೇ ತಿನ್ನುತ್ತದೆ. "ಮರಿ ತಾನೇ, ಎಷ್ಟು ತಿಂದೀತು" ಅನ್ನುವ ಲೆಕ್ಕ ತಪ್ಪುವುದು ಇಲ್ಲೇ.

ಇದರ ಜೊತೆಗೆ ಕ್ಯಾಲ್ಸಿಯಂ ಸಿರಪ್ ಕೊಳ್ಳಬೇಡಿ. ದೊಡ್ಡ ತಳಿಯ ಮರಿಗೆ ಕ್ಯಾಲ್ಸಿಯಂ ಜಾಸ್ತಿಯಾದರೆ ಮೂಳೆ ಗಟ್ಟಿಯಾಗುವುದಿಲ್ಲ, ಬೆಳವಣಿಗೆಯೇ ಕೆಡುತ್ತದೆ. ಒಳ್ಳೆಯ ಮರಿ ಆಹಾರದಲ್ಲಿ ಬೇಕಾದಷ್ಟು ಇದ್ದೇ ಇರುತ್ತದೆ. ಅಂಗಡಿಯವರು ಎಷ್ಟು ಒತ್ತಾಯ ಮಾಡಿದರೂ ಬಾಟಲಿ ಅಲ್ಲೇ ಬಿಟ್ಟು ಬನ್ನಿ.

3. ಕಾಗದ ಓದುವುದು

ಜನ ಎಡವುವುದು ಇಲ್ಲಿ. ದಯವಿಟ್ಟು ನಿಧಾನವಾಗಿ ಓದಿ.

ಬ್ರೀಡರ್, ಅಂದರೆ ಜಾತಿ ನಾಯಿ ಮರಿ ಮಾಡಿಸಿ ಮಾರುವವರು, "ಪೇಪರ್ ಇದೆ" ಅನ್ನುತ್ತಾರೆ. ಜಾತಿ ನಾಯಿಗಳ ವಂಶ ದಾಖಲಿಸುವ ಕೆನಲ್ ಕ್ಲಬ್ಬಿನ ಆ ಪೇಪರ್ ಹೇಳುವುದು ಒಂದೇ: ಈ ಮರಿಯ ಅಪ್ಪ ಅಮ್ಮ, ಅಜ್ಜ ಅಜ್ಜಿ ಯಾರು. ಮರಿ ಆರೋಗ್ಯವಾಗಿದೆ ಎಂದು ಅದು ಎಲ್ಲೂ ಹೇಳುವುದಿಲ್ಲ. "ಮುತ್ತಜ್ಜ ಚಾಂಪಿಯನ್" ಎಂಬ ಮಾತಿಗೂ ಜಾಸ್ತಿ ದುಡ್ಡು ಕೊಡಬೇಡಿ. ಮುತ್ತಜ್ಜನಿಂದ ಮರಿಗೆ ಬರುವುದು ಸರಾಸರಿ ಎಂಟನೇ ಒಂದು ಭಾಗ ಮಾತ್ರ.

ಆ ಪೇಪರಿನಿಂದ ನಿಜವಾದ ಉಪಯೋಗ ಬೇರೆ ಇದೆ. ಅಪ್ಪನ ಕಡೆ ಒಮ್ಮೆ ಓದಿ, ಅಮ್ಮನ ಕಡೆ ಒಮ್ಮೆ ಓದಿ. ಒಂದೇ ಹೆಸರು ಎರಡೂ ಕಡೆ ಕಾಣಿಸುತ್ತಿದೆಯಾ? ಹಾಗಿದ್ದರೆ ರಕ್ತಸಂಬಂಧದಲ್ಲೇ ಕೂಡಿಸಿದ್ದಾರೆ. ಒಡಹುಟ್ಟಿದ ನಾಯಿಗಳನ್ನು ಕೂಡಿಸಿದರೆ ಹುಟ್ಟುವ ಮರಿಯ ಒಳಸಂಬಂಧದ ಪ್ರಮಾಣ (ಒಂದೇ ಪೂರ್ವಜರ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬರುವ ಸಾಧ್ಯತೆ) 25 ಪರ್ಸೆಂಟ್. ತಳಿಯಲ್ಲಿ ಅಡಗಿರುವ ರೋಗಗಳು ಹೊರಬರುವ ದಾರಿ ಅದು. ಆ ರೋಗಗಳ ಬಿಲ್ಲು ಕಟ್ಟುವವರು ನೀವು.

ನೀವು ಕೇಳಬೇಕಾದ ಕಾಗದ ಬೇರೆ. ಅದು ಅಪ್ಪ ಮತ್ತು ಅಮ್ಮನ ಆರೋಗ್ಯ ಪರೀಕ್ಷೆಯ ವರದಿ. ಏನು ಕೇಳಬೇಕು ಎಂಬುದು ತಳಿಯ ಮೇಲೆ ಹೋಗುತ್ತದೆ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್, ಜರ್ಮನ್ ಶೆಫರ್ಡ್ ಆದರೆ ಸೊಂಟ ಮತ್ತು ಮುಂಗಾಲಿನ ಮೊಣಗಂಟಿನ ಎಕ್ಸ್‌ರೇ ವರದಿ. ಕ್ಯಾವಲಿಯರ್ ಸ್ಪ್ಯಾನಿಯಲ್ ಆದರೆ ಹೃದಯದ ಪರೀಕ್ಷೆ. ಆ ತಳಿಯಲ್ಲಿ ಹೃದಯದ ಕವಾಟ ಸವೆಯುವುದು ತುಂಬಾ ಸಾಮಾನ್ಯ. ಡಾಲ್ಮೇಷಿಯನ್ ಆದರೆ ಮರಿಗೇ ಎರಡೂ ಕಿವಿಯ ಪರೀಕ್ಷೆ ಆಗಿರಬೇಕು, ಹುಟ್ಟು ಕಿವುಡು ಆ ತಳಿಯಲ್ಲಿ ಹೆಚ್ಚು. ಪಗ್, ಬುಲ್‌ಡಾಗ್‌ಗಳಿಗೆ ಉಸಿರಾಟದ ತೊಂದರೆ. ಅಮ್ಮನನ್ನು ಸ್ವಲ್ಪ ದೂರ ನಡೆಸಲು ಹೇಳಿ, ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳಿ. ನಾಲ್ಕು ಹೆಜ್ಜೆಗೇ ಗೊರಗೊರ ಸದ್ದು ಬಂದರೆ ಆ ಮರಿ ಬೇಡ.

ವರದಿಯಲ್ಲಿ ನಾಯಿಯ ಮೈಕ್ರೋಚಿಪ್ (ಗುರುತಿಗೆ ಚರ್ಮದಡಿ ಹಾಕುವ ಚಿಪ್) ನಂಬರ್ ಇರಬೇಕು. ಸಾಮಾನ್ಯವಾಗಿ 15 ಅಂಕಿ. ಕೆನಲ್ ಕ್ಲಬ್ ಪೇಪರಿನ ನಂಬರಿಗೆ ಅದನ್ನು ಅಂಕಿ ಅಂಕಿಯಾಗಿ ಹೋಲಿಸಿ ನೋಡಿ. "ಡಾಕ್ಟರ್ ನೋಡಿದ್ದಾರೆ, ಏನೂ ತೊಂದರೆ ಇಲ್ಲ" ಅನ್ನುವುದು ವರದಿ ಅಲ್ಲ. ಸೊಂಟದ ಕೀಲು ಸಡಿಲ ಇದೆಯೋ ಇಲ್ಲವೋ ಎಂದು ಬರಿಗಣ್ಣಿಗೆ ಕಾಣುವುದಿಲ್ಲ.

ಈ ಪರೀಕ್ಷೆಗಳನ್ನೆಲ್ಲ ಮಾಡಿಸಿದ ಬ್ರೀಡರ್ ಜಾಸ್ತಿ ಬೆಲೆ ಹೇಳುತ್ತಾರೆ. ಕೊಡಿ. ತಾಯಿ ಸುಮಾರು 63 ದಿನ ಬಸಿರು, ಆಮೇಲೆ ಎಂಟು ವಾರ ತಾಯಿ ಮರಿಗಳ ಆರೈಕೆ, ಮೊದಲ ಲಸಿಕೆ. ಬುಲ್‌ಡಾಗ್‌ನಂಥ ತಳಿಯಲ್ಲಿ ಮರಿಯ ತಲೆ ದೊಡ್ಡದಾದ್ದರಿಂದ ಹೆರಿಗೆಗೇ ಹೆಚ್ಚಾಗಿ ಆಪರೇಷನ್ ಬೇಕು. ಇವೆಲ್ಲಕ್ಕೂ ಅವರು ದುಡ್ಡು ಹಾಕಿದ್ದಾರೆ ಅಲ್ವಾ? ಆದರೆ "ಅಪರೂಪದ ಬಣ್ಣ", "ಟೀಕಪ್ ಸೈಜ್" (ತೀರಾ ಪುಟ್ಟ ಗಾತ್ರ) ಎಂದು ಬೆಲೆ ಏರಿಸಿದರೆ ಎದ್ದು ಬನ್ನಿ. ಮಚ್ಚೆಮಚ್ಚೆಯ ಮರ್ಲ್ ಬಣ್ಣಕ್ಕಾಗಿ ಎರಡು ಮರ್ಲ್ ನಾಯಿಗಳನ್ನು ಕೂಡಿಸಿದರೆ ಕುರುಡು, ಕಿವುಡು ಮರಿಗಳು ಹುಟ್ಟಬಹುದು.

4. ಮರಿಯ ವಯಸ್ಸು, ಮೊದಲ ನಾಲ್ಕು ತಿಂಗಳು

ಎಂಟು ವಾರ ತುಂಬದ ಮರಿ ತರಬೇಡಿ. ಹೇಳಿದ್ದನ್ನು ನಂಬದೆ ಬಾಯಿ ತೆರೆದು ನೋಡಿ. ಎಂಟು ವಾರಕ್ಕೆ 28 ಹಾಲುಹಲ್ಲು ಬಂದಿರುತ್ತವೆ. ಹಿಂದಿನ ಒಸಡು ಇನ್ನೂ ಬೋಳಾಗಿದ್ದರೆ ವಯಸ್ಸು ಸುಳ್ಳಿರಬಹುದು.

ನಮ್ಮ ಪಕ್ಕದ ಮನೆಗೆ ಬಂದ ಮರಿ ಹಾಗೇ ಇತ್ತು. ಅರ್ಧ ಬೆಲೆಗೆ ಸಿಕ್ಕಿತ್ತು, ಲಸಿಕೆ ಆಗಿರಲಿಲ್ಲ. ಮೂರನೇ ದಿನ ನೀರಿನ ಬಟ್ಟಲಿನ ಅಂಚಿಗೆ ಗಲ್ಲ ಊರಿಕೊಂಡು ಮಲಗಿತ್ತು. ನೀರು ಕುಡಿಯುತ್ತಿರಲಿಲ್ಲ, ಸುಮ್ನೆ ನೋಡುತ್ತಿತ್ತು. ಕೆಳಗೆ ಹಾಸಿದ ಟವೆಲ್ ತುಂಬಾ ರಕ್ತಭೇದಿ. ಪಾರ್ವೊ ಎಂಬ ವೈರಸ್ ಕಾಯಿಲೆ. ನನ್ನ ಬೆರಳಿನಷ್ಟು ಸಣ್ಣ ಮುಂಗಾಲಿಗೆ ಬ್ಯಾಂಡೇಜ್ ಸುತ್ತಿ ಐದು ದಿನ ಡ್ರಿಪ್ ಹಾಕಿದರು. ಮರಿ ಬದುಕಿತು. ಬಿಲ್ಲು ಮಾತ್ರ ಒಳ್ಳೆಯ ಬ್ರೀಡರ್ ಹೇಳಿದ್ದ ಪೂರ್ತಿ ಬೆಲೆಯನ್ನೂ ದಾಟಿತು.

ಲಸಿಕೆಯ ಲೆಕ್ಕ ಹೀಗೆ. ಆರರಿಂದ ಎಂಟು ವಾರಕ್ಕೆ ಶುರು, ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ. "ಒಂದು ಹಾಕಿಸಿದ್ದೀವಲ್ಲ" ಎಂದು ನಿಲ್ಲಿಸಬೇಡಿ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಅದು ಲಸಿಕೆಯನ್ನೂ ತಡೆಯುತ್ತದೆ. ಅದು ಯಾವಾಗ ಇಳಿಯುತ್ತದೆ ಎಂಬುದು ಒಂದೊಂದು ಮರಿಗೆ ಒಂದೊಂದು ಥರ. ಅದಕ್ಕೇ ಮತ್ತೆ ಮತ್ತೆ ಹಾಕುವುದು. ಜೊತೆಗೆ ರೇಬೀಸ್ ಲಸಿಕೆ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಜಂತುಹುಳಿನ ಔಷಧಿ. ಮೊದಲು ಬರೆದುಕೊಂಡ ದರಗಳಿಂದ ಇವನ್ನು ಗುಣಿಸಿ.

ಹಾಸಿಗೆ, ಬಟ್ಟಲು, ಬೆಲ್ಟು: ಒಂದೊಂದು ಸಾಕು. ದುಬಾರಿ ಹಾಸಿಗೆ ಬೇಡ, ಹಲ್ಲು ಬದಲಾಗುವವರೆಗೆ ಮರಿ ಅದನ್ನು ಕಚ್ಚಿ ಹರಿಯುತ್ತದೆ. ಹಳೆ ಹೊದಿಕೆ ಮಡಚಿ ಹಾಕಿ.

5. ಪ್ರತಿ ವರ್ಷದ್ದು

ವರ್ಷದ ತಪಾಸಣೆ, ಲಸಿಕೆ, ಉಣ್ಣಿ ಚಿಗಟದ ಔಷಧಿ, ಊರಿಗೆ ಹೋದಾಗ ನೋಡಿಕೊಳ್ಳುವವರ ಖರ್ಚು. ಇವು ಎಲ್ಲರಿಗೂ ಗೊತ್ತು. ಮರೆಯುವುದು ಕೂದಲು. ಪೂಡಲ್, ಶಿಟ್ಜು ತಳಿಯ ಕೂದಲು ಬೆಳೆಯುತ್ತಲೇ ಇರುತ್ತದೆ. ಆರು ವಾರಕ್ಕೊಮ್ಮೆ ಕತ್ತರಿಸಿದರೂ ಹನ್ನೆರಡು ವರ್ಷಕ್ಕೆ ನೂರು ಸಲ ದಾಟುತ್ತದೆ. ನೂರರಿಂದ ಗುಣಿಸಿ ನೋಡಿ, ಆಮೇಲೆ ತಳಿ ಆರಿಸಿ. ಮನೆಯಲ್ಲಿ ಸ್ನಾನ ಮಾಡಿಸುವವರು ಮನುಷ್ಯರ ಶಾಂಪೂ ಹಾಕಬೇಡಿ, ನಾಯಿಯ ಚರ್ಮ ಒಣಗಿ ತುರಿಕೆ ಶುರುವಾಗುತ್ತದೆ.

6. ತುರ್ತಿಗೆ ಎತ್ತಿಡಿ

ಐದು ದಿನದ ಡ್ರಿಪ್ ಖರ್ಚು ಎಷ್ಟೋ ಅಷ್ಟನ್ನು ಮರಿ ಬರುವ ಮೊದಲೇ ಬೇರೆ ಇಡಿ. ಇನ್ಶೂರೆನ್ಸ್ ಮಾಡಿಸುವುದಾದರೆ ಮರಿ ಇರುವಾಗಲೇ ಮಾಡಿಸಿ. ಆಗಲೇ ಬಂದಿರುವ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ವಂಶದಿಂದ ಬರುವ ಕಾಯಿಲೆ ಸೇರಿದೆಯಾ ಎಂದು ಆ ಸಾಲನ್ನೇ ಹುಡುಕಿ ಓದಿ. ಜಾತಿ ನಾಯಿಗೆ ಮುಖ್ಯವಾಗಿ ಬೇಕಿರುವುದೇ ಅದು.

7. ಕರೆತರುವ ದಿನ

ಎಲ್ಲ ಕೂಡಿಸಿ. ಮೊದಲ ವರ್ಷಕ್ಕೆ ಒಂದು ಮೊತ್ತ, ಉಳಿದ ವರ್ಷಗಳಿಗೆ ತಿಂಗಳಿಗೊಂದು ಮೊತ್ತ. ಆ ತಿಂಗಳ ಮೊತ್ತವನ್ನು ಮೂರು ತಿಂಗಳು ನಿಜವಾಗಿಯೂ ಬೇರೆ ಎತ್ತಿಟ್ಟು ನೋಡಿ. ಕಷ್ಟ ಆಗಲಿಲ್ಲವಾದರೆ ಹೊರಡಿ. ಬರುವಾಗ ಮರಿ ಅಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಒಂದು ವಾರಕ್ಕಾಗುವಷ್ಟು ಕೇಳಿ ತನ್ನಿ, ಒಮ್ಮೆಲೇ ಬದಲಿಸಿದರೆ ಭೇದಿ ಆಗುತ್ತದೆ. ತಾಯಿ ಮಲಗಿದ್ದ ಬಟ್ಟೆಯ ಒಂದು ತುಂಡನ್ನೂ ಕೇಳಿ. ಮೊದಲ ರಾತ್ರಿ ಅದನ್ನು ಮರಿಯ ಪಕ್ಕದಲ್ಲಿಡಿ.